ಹಿಂದೆ ಬರುವವರಿಗೊಂದು ದೀಪ

ಯಾವ ಬಂಡಿಯನ್ನಾದರೂ ನಾವು ಮುಂದಿನಿಂದಲೇ ನೋಡಿ ಹೊಗಳುವವರು. ಎತ್ತಿನ ಕೊರಳಿಗೆ ಗೆಜ್ಜೆ, ಲಾರಿಯ ಹಣೆಗೆ ಮನೆದೇವರ ಹೆಸರು. ಹೊಸ ಕಾರು ಬಂತೆಂದರೆ ಮೂತಿಗೆ ಅರಿಶಿನ ಕುಂಕುಮ, ಮುಂದಿನ ಗಾಲಿಗೆ ನಿಂಬೆಹಣ್ಣು. ಹಿಂಭಾಗದ ಪಾಲಿಗೆ ಬರುವುದು ಧೂಳು ಮಾತ್ರ. ಆದರೂ ರಾತ್ರಿ ಹೊತ್ತು ಸಂತೆಗೆ ಹೊರಟ ಗಾಡಿಯವರು ಅಡಿಗೊಂದು ಲಾಟೀನು ತೂಗುಹಾಕುತ್ತಿದ್ದುದನ್ನು ನನ್ನ ವಯಸ್ಸಿನವರು ನೋಡಿದ್ದೇವೆ. ಆ ಬೆಳಕಿನಲ್ಲಿ ಗಾಡಿಯವನಿಗೆ ದಾರಿ ಎಷ್ಟು ಕಾಣುತ್ತಿತ್ತೋ ದೇವರೇ ಬಲ್ಲ. ದಾರಿಯನ್ನು ಎತ್ತುಗಳೇ ಬಲ್ಲವಾಗಿದ್ದವು. ಲಾಟೀನು ಇದ್ದದ್ದು ಹೆಚ್ಚಾಗಿ ಬೇರೆಯವರಿಗಾಗಿ, ‘ಇಲ್ಲೊಂದು ಗಾಡಿ ಇದೆಯಪ್ಪಾ, ನೋಡಿಕೊಂಡು ಬಾ’ ಎಂದು ಹೇಳುವುದಕ್ಕಾಗಿ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿದವಳು ನಾನು. ಚಕ್ರದ ಬಗ್ಗೆ ಹೇಳಿದ್ದೇನೆ, ಉಗಿಯಂತ್ರದ ಬಗ್ಗೆ ಹೇಳಿದ್ದೇನೆ. ಎಲ್ಲವೂ ಮುಂದಕ್ಕೆ ಹೋಗುವ ಕಥೆಗಳೇ. ಹಿಂದೆ ಬರುವವರಿಗಾಗಿ ಇಟ್ಟ ದೀಪಕ್ಕೂ ಒಂದು ಚರಿತ್ರೆ ಇರಬಹುದೆಂದು ನನಗೆ ಹೊಳೆದದ್ದು ನಿವೃತ್ತಿಯಾದ ಮೇಲೆ. ಅದನ್ನು ಹೊಳೆಯಿಸಿದ್ದು ನಾಲ್ಕು ಬಣ್ಣದ ನಾಲ್ಕು ವೈರುಗಳು.

2016ರ ಬೇಸಿಗೆಯಲ್ಲಿ ಮಗಳ ಮನೆಗೆಂದು ಅಮೆರಿಕದ ಮಿಷಿಗನ್ ರಾಜ್ಯಕ್ಕೆ ಹೋಗಿದ್ದೆ. ಕಾರುಗಳ ತವರೂರಾದ ಡೆಟ್ರಾಯಿಟ್ ನಗರದ ಹೊರವಲಯದಲ್ಲಿ ಅವರ ಮನೆ. ನಾನು ಹೋಗುವ ಹೊತ್ತಿಗೆ ಮಗಳು ಅಳಿಯ ಸೇರಿ ಒಂದು ಹಳೆಯ ಟ್ರೇಲರು ಕೊಂಡಿದ್ದರು. ಟ್ರೇಲರು ಎಂದೊಡನೆ ಮಂಡ್ಯ ಸೀಮೆಯವಳಾದ ನನ್ನ ಕಣ್ಣಿಗೆ ಕಟ್ಟಿದ್ದು ಕಬ್ಬು ತುಂಬಿದ ಟ್ರಾಕ್ಟರು. ಇದು ಹಾಗಲ್ಲ. ಎರಡು ಗಾಲಿಯ ಮೇಲೆ ಕೂರಿಸಿದ ಪುಟ್ಟ ಮನೆ. ಒಳಗೆ ಮಡಚಿ ಬಿಚ್ಚುವ ಹಾಸಿಗೆ, ಎರಡು ಉರಿಯ ಗ್ಯಾಸ್ ಒಲೆ, ಪಾತ್ರೆ ತೊಳೆಯುವ ಸಿಂಕು, ನೀರಿನ ತೊಟ್ಟಿ, ಮೊಣಕಾಲು ಬಾಗಿಲಿಗೆ ತಾಗುವಷ್ಟು ಚಿಕ್ಕದೊಂದು ಕಕ್ಕಸು. ಎಂಜಿನ್ ಮಾತ್ರ ಇಲ್ಲ. ಕಾರಿನ ಹಿಂದಕ್ಕೆ ಕೊಂಡಿ ಹಾಕಿ ಎಳೆದುಕೊಂಡು ಹೋಗಬೇಕು. ನಾನು ಅದಕ್ಕೆ ಗಾಡಿಮನೆ ಎಂದು ಹೆಸರಿಟ್ಟೆ. ಮನೆಯಲ್ಲಿ ಅದೇ ಹೆಸರು ನಿಂತುಬಿಟ್ಟಿತು.

ಎಳೆಯುವುದಕ್ಕೆ ಇದ್ದದ್ದು ಅವರ ಮಿನಿವ್ಯಾನು. ಕೊಂಡಿಯನ್ನು ಗ್ಯಾರೇಜಿನವರು ಕೂರಿಸಿಕೊಟ್ಟಿದ್ದರು. ವೈರಿಂಗನ್ನು ತಾನೇ ಮಾಡುತ್ತೇನೆಂದು ಮಗಳು ಹಟ ಹಿಡಿದಿದ್ದಳು.

“ಕೊಂಡಿ ಹಾಕಿದ ಮೇಲೆ ಎಳೆದರೆ ಬರುತ್ತಲ್ಲ ಕಣೆ, ಈ ವೈರು ಯಾಕೆ?” ಎಂದೆ.

“ಅಮ್ಮ, ಗಾಡಿಮನೆ ಬೆನ್ನಿಗೆ ನಿಂತರೆ ವ್ಯಾನಿನ ಹಿಂದಿನ ದೀಪ ಯಾರಿಗೂ ಕಾಣಲ್ಲ. ನಾನು ಬ್ರೇಕು ಒತ್ತಿದ್ದು, ಎಡಕ್ಕೆ ತಿರುಗೋದು ಹಿಂದೆ ಬರೋರಿಗೆ ಹೆಂಗೆ ಗೊತ್ತಾಗಬೇಕು? ವ್ಯಾನು ಹೇಳೋದನ್ನ ಗಾಡಿಮನೆ ಬಾಯಲ್ಲಿ ಹೇಳಿಸಬೇಕು. ಅದಕ್ಕೇ ವೈರು.”

ಈ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಅಲ್ಲಿನ ಊರ ಲೈಬ್ರರಿ ಮನೆಯಿಂದ ನಡೆದು ಹೋಗುವಷ್ಟೇ ದೂರ. ಮಗಳು ಅಳಿಯ ಕೆಲಸಕ್ಕೆ ಹೋದ ಮೇಲೆ ಅಲ್ಲಿ ಹೋಗಿ ಕೂರುವುದು ನನ್ನ ದಿನಚರಿಯಾಯಿತು. ಅಲ್ಲಿ ಓದಿದ್ದು, ಆಮೇಲೆ ಊರಿಗೆ ಬಂದು ಓದಿದ್ದು, ಎರಡನ್ನೂ ಸೇರಿಸಿ ಹೇಳುತ್ತೇನೆ.

ಕಾರು ಎಂಬುದು ಇನ್ನೂ ಗಂಡಸರ ಹುಚ್ಚು ಎನಿಸಿಕೊಂಡಿದ್ದ ಕಾಲದಲ್ಲಿ, 1909ರ ಜೂನ್ 9ರಂದು, ಆಲಿಸ್ ರಾಮ್ಸಿ ಎಂಬ ಇಪ್ಪತ್ತೆರಡು ವರ್ಷದ ತಾಯಿ ನ್ಯೂಯಾರ್ಕಿನಿಂದ ಕಾರು ಹತ್ತಿದಳು. ಜೊತೆಗೆ ಇಬ್ಬರು ನಾದಿನಿಯರು ಮತ್ತು ಒಬ್ಬ ಗೆಳತಿ. ಮೂವರಿಗೂ ಕಾರು ಓಡಿಸಲು ಬಾರದು. ಸುಮಾರು 3,800 ಮೈಲಿ ದಾರಿ, ಬಹುಪಾಲು ಮಣ್ಣು ಕೆಸರು. 59 ದಿನಗಳ ನಂತರ ಆಗಸ್ಟ್ 7ರಂದು ಪಶ್ಚಿಮದ ಕಡಲತೀರದ ಸ್ಯಾನ್‌ಫ್ರಾನ್ಸಿಸ್ಕೊ ತಲುಪಿದಾಗ, ಆ ದೇಶವನ್ನು ಅಡ್ಡಲಾಗಿ ಕಾರಿನಲ್ಲಿ ದಾಟಿದ ಮೊದಲ ಹೆಂಗಸು ಎನಿಸಿಕೊಂಡಳು. ದಾರಿಯಲ್ಲಿ ಪಂಕ್ಚರಾದ ಟೈರುಗಳನ್ನೂ ತಾನೇ ಬದಲಾಯಿಸಿದಳು.

ಹೀಗೆ ದೂರ ಹೋಗುವ ಆಸೆ ಹುಟ್ಟಿದ ಮೇಲೆ ರಾತ್ರಿ ಎಲ್ಲಿ ಮಲಗುವುದು, ಏನು ಬೇಯಿಸಿ ತಿನ್ನುವುದು ಎಂಬ ಪ್ರಶ್ನೆ ಬಂದೇ ಬರಬೇಕಲ್ಲ! 1929ರಲ್ಲಿ ಡೆಟ್ರಾಯಿಟಿನ ಕಡೆಯ ಆರ್ಥರ್ ಶೆರ್ಮನ್ ಎಂಬಾತ ಸಂಸಾರ ಸಮೇತ ರಜೆಗೆ ಹೊರಟ. ಔಷಧ ಕಂಪೆನಿಯೊಂದರ ಯಜಮಾನ ಆತ. ಕೆಲವೇ ನಿಮಿಷಗಳಲ್ಲಿ ಬಿಚ್ಚಿ ಹರಡಬಹುದೆಂದು ಹೇಳಿ ಮಾರಿದ್ದ ಗುಡಾರದ ಟ್ರೇಲರೊಂದು ಜೊತೆಗಿತ್ತು. ಮಳೆ ಹಿಡಿಯಿತು. ಗುಡಾರ ಹೇಳಿದಷ್ಟು ಬೇಗ ಏಳಲಿಲ್ಲ. ಮನೆಮಂದಿಯೆಲ್ಲ ನೆನೆದರು. ಊರಿಗೆ ಬಂದ ಶೆರ್ಮನ್ ಗಟ್ಟಿ ಗೋಡೆಯ ಪುಟ್ಟ ಮನೆಯನ್ನೇ ಗಾಲಿಯ ಮೇಲೆ ಕಟ್ಟಿಸಿದ. ಅವನ ಮಕ್ಕಳು ಅದನ್ನು ನೋಡಿ ತಮಾಷೆಗೆ ‘ಕವರ್ಡ್ ವ್ಯಾಗನ್’ ಎಂದು ಕರೆದರು. ಹಿಂದಿನ ಕಾಲದಲ್ಲಿ ವಲಸೆಗಾರರು ಪಶ್ಚಿಮಕ್ಕೆ ಹೊರಟ ಕಮಾನುಗಾಡಿಯ ಹೆಸರು ಅದು. ಅದೇ ಹೆಸರಿನಲ್ಲಿ 1930ರಲ್ಲಿ ಡೆಟ್ರಾಯಿಟಿನ ಕಾರು ಪ್ರದರ್ಶನದಲ್ಲಿ ಅದನ್ನು ಇಟ್ಟ. 1936ರ ಹೊತ್ತಿಗೆ ಅವನ ಕಂಪೆನಿ ಆ ದೇಶದಲ್ಲೇ ಅತಿ ದೊಡ್ಡ ಟ್ರೇಲರು ತಯಾರಕನಾಗಿತ್ತು.

ದೇಶದ ಇನ್ನೊಂದು ತುದಿಯ ಲಾಸ್ ಏಂಜಲೀಸಿನಲ್ಲಿ ವಾಲಿ ಬ್ಯಾಮ್ ಎಂಬಾತನ ಕಥೆ ನಮ್ಮ ಹೆಂಗಸರಿಗೆ ಇನ್ನೂ ಹತ್ತಿರದ್ದು. ಅವನಿಗೆ ಕಾಡು ಮೇಡು ಸುತ್ತುವ ಹುಚ್ಚು. ಹೆಂಡತಿ ಮರಿಯನ್ನಳಿಗೆ ಗುಡಾರದಲ್ಲಿ, ಅದೂ ಅಡುಗೆಮನೆಯಿಲ್ಲದೆ, ನೆಲದ ಮೇಲೆ ಮಲಗುವುದು ಆಗದು. ಅಡುಗೆಮನೆ ಇದ್ದರೆ ಬರುತ್ತೇನೆ ಎಂದಳಂತೆ. ಅದಕ್ಕಾಗಿ ಅವನು ಹಳೆಯ ಕಾರಿನ ತಳದ ಮೇಲೆ ಒಲೆ ಪೆಟ್ಟಿಗೆ ಇರುವ ಗೂಡೊಂದನ್ನು ಕಟ್ಟಿದ. ಮುಂದೆ ಅದರಿಂದಲೇ ‘ಏರ್‌ಸ್ಟ್ರೀಮ್’ ಎಂಬ ಹೆಸರಾಂತ ಟ್ರೇಲರುಗಳು ಹುಟ್ಟಿದವು. 1936ರಲ್ಲಿ ಬಂದ ಅವರ ‘ಕ್ಲಿಪ್ಪರ್’ನಲ್ಲಿ ನಾಲ್ವರು ಮಲಗಬಹುದಿತ್ತು, ಅದರಲ್ಲೇ ನೀರಿತ್ತು, ವಿದ್ಯುತ್ ದೀಪವಿತ್ತು. ಬೆಲೆ 1,200 ಡಾಲರು. ಒಂದು ಉದ್ಯಮ ಹೆಂಡತಿಯ ಗೊಣಗಾಟದಿಂದ ಹುಟ್ಟಿತು ಎಂದು ಗಂಡಸರು ನಕ್ಕಾರು. ನನಗನ್ನಿಸುವುದೇ ಬೇರೆ. ಹೋದಲ್ಲೆಲ್ಲ ಮೂರು ಕಲ್ಲು ಹುಡುಕಿ ಒಲೆ ಹೂಡುವವಳಿಗೆ ರಜೆ ಎಂಬುದು ಎಲ್ಲಿಂದ ಬರಬೇಕು?

ಆ ಕಾಲದಲ್ಲಿ ಟ್ರೇಲರಿನ ಹುಚ್ಚು ಎಷ್ಟಿತ್ತೆಂದರೆ, ಇನ್ನು ಇಪ್ಪತ್ತು ವರ್ಷಗಳಲ್ಲಿ ಅಮೆರಿಕದ ಅರ್ಧ ಜನ ಗಾಡಿಮನೆಗಳಲ್ಲೇ ಬದುಕುತ್ತಾರೆಂದು ರೋಜರ್ ಬ್ಯಾಬ್ಸನ್ ಎಂಬ ಅರ್ಥಶಾಸ್ತ್ರಜ್ಞ ಭವಿಷ್ಯ ಹೇಳಿಬಿಟ್ಟ. ಹಾಗೇನೂ ಆಗಲಿಲ್ಲ. ಆದರೆ ಕೆಲಸ ಕಳೆದುಕೊಂಡ ಎಷ್ಟೋ ಜನಕ್ಕೆ, ಎರಡನೇ ಮಹಾಯುದ್ಧದ ಕಾಲದಲ್ಲಿ ಕಾರ್ಖಾನೆಗಳಿಗೆ ದುಡಿಯಲು ಬಂದವರಿಗೆ, ಅದೇ ನಿಜವಾದ ಮನೆಯಾಯಿತು. ಯುದ್ಧ ಮುಗಿದ ಮೇಲೆ ಮತ್ತೆ ರಜೆಯ ಬಂಡಿಯಾಯಿತು. 1954ರಲ್ಲಿ ನಟಿ ಲೂಸಿಲ್ ಬಾಲ್ ‘ದಿ ಲಾಂಗ್, ಲಾಂಗ್ ಟ್ರೇಲರ್’ ಎಂಬ ಹಾಸ್ಯಚಿತ್ರದಲ್ಲಿ ನಟಿಸಿದಳು. ಮಗಳು ಅದನ್ನು ಒಂದು ಸಂಜೆ ಹಾಕಿ ತೋರಿಸಿದಳು. ಓಡುವ ಟ್ರೇಲರಿನೊಳಗೆ ಹೆಂಡತಿ ಅಡುಗೆಗೆ ನಿಲ್ಲುತ್ತಾಳೆ. ತಿರುವಿನಲ್ಲಿ ಅವಳೂ ಪಾತ್ರೆಗಳೂ ಆ ಗೋಡೆಯಿಂದ ಈ ಗೋಡೆಗೆ. ಹೋದ ಊರಿನ ನೆನಪಿಗೆಂದು ಕಲ್ಲುಗಳನ್ನು ಆರಿಸಿ ತುಂಬುತ್ತಾಳೆ. ಘಾಟಿ ಹತ್ತುವಾಗ ಆ ಭಾರವೇ ಗಂಡ ಹೆಂಡಿರ ಜಗಳಕ್ಕೆ ಮೂಲ. ನಕ್ಕೂ ನಕ್ಕೂ ಸಾಕಾಯಿತು. ಆದರೆ ಭಾರದ ವಿಷಯ ನಗುವಂಥದಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಇನ್ನು ಎಳೆಯುವ ಮಿನಿವ್ಯಾನಿನ ಕಥೆ. ಇದೂ ಆ ಊರಿನದೇ. ಹ್ಯಾಲ್ ಸ್ಪರ್ಲಿಕ್ ಮತ್ತು ಲೀ ಅಯಕೋಕಾ ಎಂಬಿಬ್ಬರು ಫೋರ್ಡ್ ಕಂಪೆನಿಯಲ್ಲಿದ್ದಾಗ ಸಂಸಾರಕ್ಕೆಂದೇ ಒಂದು ಚಿಕ್ಕ ವ್ಯಾನು ಮಾಡಬೇಕೆಂದು ಯೋಚಿಸಿದ್ದರು. ಅಲ್ಲಿ ಅದು ನಡೆಯಲಿಲ್ಲ. ಇಬ್ಬರೂ ಕ್ರೈಸ್ಲರ್ ಕಂಪೆನಿಗೆ ಬಂದರು. ಆ ಕಂಪೆನಿಯೋ ಆಗ ಮುಳುಗುವ ಹಡಗು. 1980ರಲ್ಲಿ ಸರ್ಕಾರ 150 ಕೋಟಿ ಡಾಲರು ಸಾಲಕ್ಕೆ ಜಾಮೀನು ನಿಂತು ಉಳಿಸಿತು. 1983ರ ನವೆಂಬರಿನಲ್ಲಿ ಡೆಟ್ರಾಯಿಟ್ ನದಿಯ ಆಚೆ ದಡದ, ಕೆನಡಾಕ್ಕೆ ಸೇರಿದ ವಿಂಡ್ಸರ್ ಊರಿನ ಕಾರ್ಖಾನೆಯಿಂದ ಅವರ ಮೊದಲ ಮಿನಿವ್ಯಾನು ಹೊರಬಂತು. ಎಂಜಿನ್ನಿನ ಬಲ ಮುಂದಿನ ಗಾಲಿಗಳಿಗೇ ಹೋಗುವುದರಿಂದ ನೆಲ ತಗ್ಗು. ಸೀರೆಯ ನೆರಿಗೆ ಎತ್ತಿ ಹಿಡಿಯದೆ ನಾನು ಹತ್ತಿ ಇಳಿದ ವಾಹನ ಅದೊಂದೇ. ಸಾಮಾನ್ಯ ಮನೆಯ ಗ್ಯಾರೇಜಿನಲ್ಲಿ ಹಿಡಿಯುತ್ತದೆ, ಏಳು ಜನ ಕೂರುತ್ತಾರೆ. ಮಕ್ಕಳನ್ನು ಶಾಲೆಗೆ, ಆಟಕ್ಕೆ, ಡಾಕ್ಟರ ಬಳಿಗೆ ಕರೆದುಕೊಂಡು ತಿರುಗುವ ತಾಯಂದಿರ ಗಾಡಿ ಎಂದೇ ಅದಕ್ಕೆ ಹೆಸರು ಬಂತು. ಹಾಗೆಂದು ಮೂಗು ಮುರಿದವರೂ ಉಂಟು.

ತಾಯಂದಿರ ಗಾಡಿಗೆ ಮನೆಯೊಂದನ್ನು ಎಳೆಯುವ ತಾಕತ್ತು ಇದೆಯೇ? ಇದೆ, ಲೆಕ್ಕದಲ್ಲಿದ್ದರೆ. ಸರಿಯಾದ ಸಲಕರಣೆ ಹಾಕಿಸಿದರೆ ಇಂಥ ವ್ಯಾನುಗಳು ಹೆಚ್ಚಾಗಿ 3,500 ಪೌಂಡು, ಅಂದರೆ ಸುಮಾರು 1,590 ಕಿಲೋ ಎಳೆಯಬಲ್ಲವು. ಬರಿಯ ಗಾಡಿಮನೆಯ ತೂಕ ಅದಕ್ಕಿಂತ ಕಡಿಮೆಯೇ ಇತ್ತು. ಆದರೆ ತೊಟ್ಟಿಗೆ ಇಪ್ಪತ್ತು ಗ್ಯಾಲನ್ ನೀರು ತುಂಬಿದರೆ 75 ಕಿಲೋ ಆಯಿತು. ಗ್ಯಾಸು, ಹಾಸಿಗೆ, ನನ್ನ ಕುಕ್ಕರು, ಅಕ್ಕಿ ಮೂಟೆ ಎಲ್ಲವೂ ಸೇರಬೇಕು. ಅಳಿಯ ತಕ್ಕಡಿ ಹಿಡಿದು ನಿಂತುಬಿಟ್ಟರು. “ಅತ್ತೆ, ಒರಳುಕಲ್ಲು ಒಂದನ್ನು ಬಿಟ್ಟು ಏನು ಬೇಕಾದರೂ ಇಡಿ” ಎಂದರು. ತೂಕ ಎಷ್ಟು ಎನ್ನುವುದರಷ್ಟೇ ಮುಖ್ಯ ಅದು ಎಲ್ಲಿದೆ ಎನ್ನುವುದು. ಒಟ್ಟು ಭಾರದ ಹತ್ತನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಕೊಂಡಿಯ ಮೇಲೆ ಕೂರಬೇಕಂತೆ. ಎತ್ತಿನ ಗಾಡಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಎತ್ತಿನ ಕೊರಳು ಬಿಗಿಯುತ್ತದೆ. ಮುಂಭಾರವಾದರೆ ಎತ್ತಿನ ಹೆಗಲು ಜಜ್ಜುತ್ತದೆ. ಇಲ್ಲಿ ಹಿಂಭಾರವಾದರೆ ಗಾಡಿಮನೆ ಹಾವಿನ ಬಾಲದ ಹಾಗೆ ಹೊಯ್ದಾಡುತ್ತದೆ. ಮುಂಭಾರ ಹೆಚ್ಚಾದರೆ ವ್ಯಾನಿನ ಬೆನ್ನು ಕುಸಿದು, ಎಳೆಯಬೇಕಾದ ಮುಂದಿನ ಗಾಲಿಗಳೇ ಹಗುರಾಗುತ್ತವೆ.

ಶನಿವಾರ ಬೆಳಿಗ್ಗೆ ಮಗಳು ವ್ಯಾನಿನ ಹಿಂದೆ ಚಾಪೆ ಹಾಸಿ ಕುಳಿತಳು. ಅಂಗೈಯಗಲದ ಒಂದು ಕಪ್ಪು ಪೆಟ್ಟಿಗೆ, ಅದರಿಂದ ಹೊರಟ ವೈರುಗಳು. ಬಿಳಿಯದು ಅರ್ಥಿಂಗ್. ಕಂದು ಬಣ್ಣದ್ದು ರಾತ್ರಿಯೆಲ್ಲ ಉರಿಯುವ ಹಿಂದಿನ ದೀಪಕ್ಕೆ. ಹಳದಿಯದು ಎಡಗಡೆಯ ಬ್ರೇಕು ಮತ್ತು ತಿರುವಿನ ದೀಪಕ್ಕೆ, ಹಸಿರು ಬಲಗಡೆಯದಕ್ಕೆ. ಎಡಗೈಗೆ ಅರಿಶಿನ, ಬಲಗೈಗೆ ಹಸಿರು ಬಳೆ ಎಂದು ನಾನು ನೆನಪಿಟ್ಟುಕೊಂಡೆ. ನಾಲ್ಕೂ ಸೇರಿ ಒಂದು ಚಪ್ಪಟೆ ಪ್ಲಗ್ಗಿನಲ್ಲಿ ಮುಗಿಯುತ್ತವೆ. ವ್ಯಾನಿನ ಕಡೆಯ ತುದಿಯಲ್ಲಿ ಕರೆಂಟು ಬರುವ ಮೂರೂ ರಬ್ಬರಿನೊಳಗೆ ಅಡಗಿರುತ್ತವೆ, ಅರ್ಥಿಂಗಿನ ಕಡ್ಡಿ ಮಾತ್ರ ಹೊರಗಿರುತ್ತದೆ. ಎಲ್ಲಿ ತಾಗಿದರೂ ಕಿಡಿ ಹಾರದಿರಲೆಂದು.

ಆ ಕಪ್ಪು ಪೆಟ್ಟಿಗೆ ಏನು ಮಾಡುತ್ತದೆಂದು ಕೇಳಿದೆ. ಅದರ ಉತ್ತರದಲ್ಲೂ ಚರಿತ್ರೆಯೇ ಇತ್ತು. ಅಮೆರಿಕದ ಹಳೆಯ ಕಾರುಗಳಲ್ಲಿ ಹಿಂದೆ ಒಂದೊಂದು ಕಡೆಗೆ ಒಂದೇ ಕೆಂಪು ದೀಪ. ಬ್ರೇಕಿಗೆ ನಿಶ್ಚಲವಾಗಿ ಉರಿಯುತ್ತದೆ, ತಿರುವಿಗೆ ಮಿನುಗುತ್ತದೆ. ಟ್ರೇಲರುಗಳು ಇವತ್ತಿಗೂ ಆ ಪದ್ಧತಿಯವೇ. ಆದರೆ ಮಗಳ ವ್ಯಾನಿನಲ್ಲಿ ಬ್ರೇಕಿಗೆ ಕೆಂಪು, ತಿರುವಿಗೆ ಬೇರೆಯೇ ಹಳದಿ ದೀಪ. ವ್ಯಾನು ಎರಡು ಬಾಯಲ್ಲಿ ಹೇಳುವುದನ್ನು ಗಾಡಿಮನೆ ಒಂದೇ ಬಾಯಲ್ಲಿ ಹೇಳಬೇಕು. ಬ್ರೇಕು ಒತ್ತಿಕೊಂಡೇ ಎಡಕ್ಕೆ ತಿರುಗುವಾಗ ಎಡದ ದೀಪ ಮಿನುಗಬೇಕು, ಬಲದ್ದು ಸುಮ್ಮನೆ ಉರಿಯುತ್ತಿರಬೇಕು. ಆ ದುಭಾಷಿಯ ಕೆಲಸ ಪೆಟ್ಟಿಗೆಯದು. ಜೊತೆಗೆ, ವ್ಯಾನಿನ ದೀಪದ ವೈರು ತೆಳ್ಳಗಿನದು. ಒಂದೇ ಪ್ಲಗ್ಗಿಗೆ ಗೀಸರೂ ಇಸ್ತ್ರಿಪೆಟ್ಟಿಗೆಯೂ ಹಾಕಿದರೆ ಮನೆಯ ಫ್ಯೂಸು ಹೋಗುವ ಹಾಗೆ, ಗಾಡಿಮನೆಯ ದೀಪಗಳನ್ನೂ ಅದಕ್ಕೇ ಹೊರಿಸಿದರೆ ಸುಟ್ಟೀತು. ಅದಕ್ಕಾಗಿ ಪೆಟ್ಟಿಗೆಗೆ ಬ್ಯಾಟರಿಯಿಂದಲೇ ಬೇರೆ ವೈರು ಎಳೆಯಬೇಕು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು ಇರಬೇಕು, ಬಿಸಿ ಹೊಗೆಕೊಳವೆಯ ಹತ್ತಿರ ವೈರು ಸುಳಿಯಬಾರದು. ಎಲ್ಲ ಮುಗಿದ ಮೇಲೇ ಫ್ಯೂಸು ಸಿಕ್ಕಿಸುವುದು.

ಈ ದೀಪದ ಭಾಷೆಯನ್ನು ಮೊದಲು ಯೋಚಿಸಿದವರಲ್ಲಿ ಒಬ್ಬಳು ಹೆಂಗಸು ಎಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ಫ್ಲಾರೆನ್ಸ್ ಲಾರೆನ್ಸ್ ಎಂಬ ಆಕೆ ಮೂಕಿಚಿತ್ರಗಳ ಕಾಲದ ದೊಡ್ಡ ತಾರೆ. ತೆರೆಯ ಮೇಲಿನ ನಟಿಯರ ಹೆಸರನ್ನೇ ಕಂಪೆನಿಗಳು ಹೇಳದಿದ್ದ ಕಾಲದಲ್ಲಿ ಹೆಸರಿನಿಂದ ಗುರುತಾದ ಮೊದಲಿಗರಲ್ಲಿ ಒಬ್ಬಳು. ಸ್ವಂತ ಕಾರು ಇಟ್ಟು ತಾನೇ ಓಡಿಸುತ್ತಿದ್ದಳು. 1914ರ ಸುಮಾರಿಗೆ ಗುಂಡಿ ಒತ್ತಿದರೆ ಕಾರಿನ ಹಿಂದೆ ಕೈಯಂತೆ ಮೇಲೆದ್ದು ತಿರುವು ತೋರಿಸುವ ಸಾಧನವನ್ನೂ, ಬ್ರೇಕು ತುಳಿದಾಗ ‘ನಿಲ್ಲು’ ಎಂಬ ಹಲಗೆ ಏಳುವ ಏರ್ಪಾಡನ್ನೂ ಮಾಡಿದಳು. ಪೇಟೆಂಟು ಮಾಡಿಸಲಿಲ್ಲ. ಆಕೆಯ ತಾಯಿ ಷಾರ್ಲೊಟ್ ಬ್ರಿಜ್‌ವುಡ್ 1917ರಲ್ಲಿ ಕಾರಿನ ಗಾಜು ಒರೆಸುವ ವಿದ್ಯುತ್ ಸಾಧನಕ್ಕೆ ಪೇಟೆಂಟು ಪಡೆದಳು. ತಾಯಿಗೂ ಮಗಳಿಗೂ ಅದರಿಂದ ಸಿರಿ ಬರಲಿಲ್ಲ. ಲಾರೆನ್ಸ್ 1938ರಲ್ಲಿ ತನ್ನ ಜೀವವನ್ನು ತಾನೇ ಕಳೆದುಕೊಂಡಳು. ಆಕೆಯ ಸಮಾಧಿಗೆ ಹೆಸರಿನ ಕಲ್ಲು ಬಿದ್ದದ್ದು 1991ರಲ್ಲಿ. ಆಕೆ ಹೋದ ಮರುವರ್ಷ, 1939ರ ಬ್ಯುಯಿಕ್ ಕಾರುಗಳಲ್ಲಿ, ಮಿನುಗುವ ತಿರುವಿನ ದೀಪ ಕಾರಿನ ಜೊತೆಗೇ ಬಂತು.

ಇನ್ನೊಂದು ದೀಪವೂ ಉಂಟು. ಕಾರಿನ ಹಿಂದಿನ ಗಾಜಿನ ನಡುವೆ ಬ್ರೇಕು ತುಳಿದಾಗ ಉರಿಯುವ ಮೂರನೆಯ ಕೆಂಪು ದೀಪವನ್ನು ನೀವೂ ನೋಡಿರುತ್ತೀರಿ. 1974ರಲ್ಲಿ ಜಾನ್ ವೊಯೆವೋಡ್ಸ್ಕಿ ಎಂಬ ಮನಶ್ಶಾಸ್ತ್ರಜ್ಞ ಸ್ಯಾನ್‌ಫ್ರಾನ್ಸಿಸ್ಕೊದ ಟ್ಯಾಕ್ಸಿಗಳಿಗೆ ಅಂಥ ದೀಪ ಹಾಕಿಸಿ ನೋಡಿದ. ಹಿಂದಿನಿಂದ ಗುದ್ದುವ ಅಪಘಾತ ಅರ್ಧಕ್ಕಿಂತ ಹೆಚ್ಚು ತಗ್ಗಿತು. ಅಮೆರಿಕದ ಸಾರಿಗೆ ಖಾತೆಗೆ ಮೊದಲ ಮಹಿಳಾ ಕಾರ್ಯದರ್ಶಿಯಾಗಿ ಬಂದ ಎಲಿಜಬೆತ್ ಡೋಲ್ 1983ರಲ್ಲಿ ಅದನ್ನು ಕಡ್ಡಾಯ ಮಾಡುವ ನಿಯಮ ತಂದಳು. 1986ರ ಮಾದರಿಯ ಕಾರುಗಳಿಂದ ಅದು ಜಾರಿಗೆ ಬಂತು. ಎಲ್ಲ ಕಾರಿಗೂ ಬಂದು ಕಣ್ಣಿಗೆ ರೂಢಿಯಾದ ಮೇಲೆ ಲಾಭ ಇಳಿಯಿತು. ಮುಂದೆ ನಡೆದ ಸರ್ಕಾರದ ಅಧ್ಯಯನದ ಪ್ರಕಾರ ಅಂಥ ಅಪಘಾತ ತಗ್ಗಿದ್ದು ನೂರಕ್ಕೆ 4.3ರಷ್ಟು. ಅಷ್ಟೇನಾ ಎನ್ನಬೇಡಿ. ಆ ದೇಶದಲ್ಲಿ ಓಡಾಡುವ ಕಾರುಗಳನ್ನು ನೆನೆದರೆ, ಆ ನಾಲ್ಕು ಚಿಲ್ಲರೆಯಲ್ಲಿ ಉಳಿದ ಮನೆಗಳೆಷ್ಟೋ.

ಉಳಿದ ಮನೆ ಎಂಬ ಮಾತನ್ನು ನಾನು ಸುಮ್ಮನೆ ಆಡುತ್ತಿಲ್ಲ. ನನ್ನ ಕೊನೆಯ ಮೈದುನ ಸುಗ್ಗಿಯ ಕಾಲದ ಒಂದು ರಾತ್ರಿ ಸ್ಕೂಟರಿನಲ್ಲಿ ಊರಿಗೆ ಬರುತ್ತಿದ್ದ. ರಸ್ತೆಯಲ್ಲಿ ಕಬ್ಬಿನ ಟ್ರೇಲರೊಂದು ಪಂಕ್ಚರಾಗಿ ನಿಂತಿತ್ತು. ಹಿಂದೆ ದೀಪವಿರಲಿಲ್ಲ, ಕೆಂಪು ಬಿಲ್ಲೆಯೂ ಇರಲಿಲ್ಲ. ಟ್ರಾಕ್ಟರಿನ ದೀಪ ಮುಂದೆ ಬೆಳ್ಳಗೆ ಉರಿಯುತ್ತಲೇ ಇತ್ತಂತೆ. ಹಿಂದೆ ಚಾಚಿಕೊಂಡಿದ್ದ ಕಬ್ಬಿನ ಜಲ್ಲೆಗಳು ಕತ್ತಲೊಳಗೆ ಕತ್ತಲಾಗಿದ್ದವು. ಅವನ ಹೆಂಡತಿಗೆ ಆಗ ಇಪ್ಪತ್ತಾರು ವರ್ಷ, ಕೂಸಿಗೆ ಎಂಟು ತಿಂಗಳು. ವಾರ್ತಾಪತ್ರಿಕೆಯಲ್ಲಿ ‘ನಿಂತ ಟ್ರಾಕ್ಟರಿಗೆ ಸ್ಕೂಟರು ಡಿಕ್ಕಿ’ ಎಂದು ಎರಡು ಸಾಲು ಬಂತು. ಓದಿದವರಿಗೆ ತಪ್ಪು ಸ್ಕೂಟರಿನವನದೇ ಎನ್ನಿಸುವ ಹಾಗೆ.

ಹಾಗಾಗಿ ಮಗಳು “ಅಮ್ಮ, ನೀನು ಗಾಡಿಮನೆ ಹಿಂದೆ ಹೋಗಿ ನಿಂತ್ಕೊ, ಏನು ಕಾಣುತ್ತೆ ಹೇಳ್ತಾ ಹೋಗು” ಎಂದಾಗ ನಾನು ಪರೀಕ್ಷೆಯ ಮೇಲ್ವಿಚಾರಕಿಯ ಹಾಗೆ ನಿಂತೆ. ಕಂದು ವೈರಿನ ದೀಪ ಹತ್ತಿತು. ಬ್ರೇಕು ಒತ್ತಿದಳು, ಎರಡೂ ಹೆಚ್ಚು ಬೆಳಗಿದವು. ಎಡಕ್ಕೆ ಹಾಕಿದಳು. ಎಡದ್ದು ಮಿನುಗಿತು, ಆದರೆ ಅದರ ಜೊತೆಗೆ ಬಲದ್ದೂ ಮಂಕಾಗಿ ಕಣ್ಣು ಹೊಡೆಯಿತು. ಅಳಿಯ ಪೆಟ್ಟಿಗೆ ಕೆಟ್ಟಿದೆ ಎಂದರು. ಮಗಳು ಒಪ್ಪಲಿಲ್ಲ. ಟೆಸ್ಟ್ ಲ್ಯಾಂಪು ಹಿಡಿದು ಒಂದೊಂದೇ ವೈರು ನೋಡಿಕೊಂಡು ಬಂದಳು. ಕೊನೆಗೆ ಗಾಡಿಮನೆಯ ಮೂಕಿಯ ಬಳಿ ಬಿಳಿ ವೈರನ್ನು ಕಬ್ಬಿಣಕ್ಕೆ ಬಿಗಿದಿದ್ದ ಸ್ಕ್ರೂ ತುಕ್ಕು ಹಿಡಿದು ಕೂತದ್ದು ಸಿಕ್ಕಿತು. ಎಡದ ದೀಪಕ್ಕೆ ಬಂದ ಕರೆಂಟಿಗೆ ವಾಪಸು ಹೋಗಲು ದಾರಿ ಸಾಲದೆ ಬಲದ ದೀಪದೊಳಗೆ ನುಗ್ಗಿ ಹೋಗುತ್ತಿತ್ತು. ಉಜ್ಜುಕಾಗದದಿಂದ ತಿಕ್ಕಿ ಹೊಳೆಯುವ ಲೋಹ ಕಂಡ ಮೇಲೆ ಹೊಸ ಸ್ಕ್ರೂ ಹಾಕಿದಳು, ಮೇಲೆ ಗ್ರೀಸು ಬಳಿದಳು. ದೀಪಗಳು ತಮ್ಮ ತಮ್ಮ ಮಾತನ್ನಷ್ಟೇ ಆಡತೊಡಗಿದವು. “ನೋಡಿದೆಯಾ, ಅರ್ಥ್ ಸರಿಯಿಲ್ಲದಿದ್ದರೆ ಹೇಳಿದ ಮಾತಿಗೆ ಅರ್ಥವೇ ಇರಲ್ಲ” ಎಂದು ನಕ್ಕಳು. ಮನೆಯಲ್ಲಿ ಫ್ಯೂಸು ಹೋದರೆ ‘ಹೆಣ್ಣುಮಕ್ಕಳು ಮುಟ್ಟಬೇಡಿ’ ಎಂದು ಗದರುತ್ತಿದ್ದ ನನ್ನ ಮಾವನವರು ಇದ್ದು ನೋಡಬೇಕಿತ್ತು.

ದೀಪದ ನಾಲ್ಕು ವೈರಿಗೇ ಕೆಲಸ ಮುಗಿಯಲಿಲ್ಲ. ಅಲ್ಲಿ ಬಹಳ ರಾಜ್ಯಗಳಲ್ಲಿ ಟ್ರೇಲರು 3,000 ಪೌಂಡು ಮೀರಿದರೆ ಅದಕ್ಕೆ ತನ್ನದೇ ಬ್ರೇಕು ಇರಬೇಕು. ಅದಕ್ಕೊಂದು ನೀಲಿ ವೈರು. ಡ್ರೈವರಿನ ಮೊಣಕಾಲ ಹತ್ತಿರ ಸಣ್ಣ ಡಬ್ಬಿಯೊಂದನ್ನು ಕೂರಿಸುತ್ತಾರೆ. ಬ್ರೇಕು ತುಳಿದಾಗ ಅದು ಹದವಾಗಿ ಕರೆಂಟು ಕಳಿಸುತ್ತದೆ, ಗಾಡಿಮನೆಯ ಗಾಲಿಯೊಳಗಿನ ವಿದ್ಯುತ್ ಅಯಸ್ಕಾಂತ ತಿರುಗುವ ಡ್ರಮ್ಮಿಗೆ ಅಂಟಿಕೊಂಡು ಬ್ರೇಕನ್ನು ಎಳೆಯುತ್ತದೆ. ಇದಕ್ಕಿಂತ ನನ್ನ ಮನಸ್ಸಿನಲ್ಲಿ ಉಳಿದದ್ದು ಇನ್ನೊಂದು ಏರ್ಪಾಡು. ಗಾಡಿಮನೆಯಲ್ಲೇ ಒಂದು ಬ್ಯಾಟರಿ, ಅದರ ಸ್ವಿಚ್ಚಿನಲ್ಲಿ ಒಂದು ಪಿನ್ನು, ಪಿನ್ನಿನಿಂದ ವ್ಯಾನಿಗೆ ಕಟ್ಟಿದ ತೆಳು ಉಕ್ಕಿನ ಹಗ್ಗ. ಕೊಂಡಿ, ಸರಪಳಿ ಎಲ್ಲ ಕಿತ್ತು ಗಾಡಿಮನೆ ಕಳಚಿಕೊಂಡರೆ ಆ ಹಗ್ಗ ಪಿನ್ನನ್ನು ಸೆಳೆಯುತ್ತದೆ. ಆ ಕ್ಷಣವೇ ಗಾಡಿಮನೆ ತನ್ನ ಬ್ರೇಕನ್ನು ತಾನೇ ಹಿಡಿದುಕೊಳ್ಳುತ್ತದೆ. ತನ್ನನ್ನು ಎಳೆಯುವವರು ಕೈಬಿಟ್ಟರೂ ಹಿಂದೆ ಬರುವವರ ಮೇಲೆ ಬೀಳಬಾರದೆಂಬ ಎಚ್ಚರ!

ಉತ್ತರಕ್ಕೆ ಹೊರಟೆವು. ಮಿಷಿಗನ್ನಿನ ಎರಡು ತುಂಡುಗಳನ್ನು ಸೇರಿಸುವುದು 1957ರಲ್ಲಿ ತೆರೆದ ಮ್ಯಾಕಿನಾ ಸೇತುವೆ, ಎಂಟು ಕಿಲೋಮೀಟರು ಉದ್ದ. ಕೆಳಗೆ ಕಡಲಿನಂಥ ಸರೋವರಗಳು ಕೂಡುವ ಜಾಗ. ಒಳಸಾಲಿನ ರಸ್ತೆಯೇ ಉಕ್ಕಿನ ಜಾಲರಿ, ಬಗ್ಗಿ ನೋಡಿದರೆ ನೀರು. ಗಾಳಿ ಜೋರಾದರೆ ಟ್ರೇಲರುಗಳನ್ನು ತಡೆಯುತ್ತಾರೆ, ಇಲ್ಲವೇ ಕಾವಲಿನ ಗಾಡಿ ಕೊಟ್ಟು ದಾಟಿಸುತ್ತಾರೆ. ಅಂದು ಗಾಳಿ ಸಾಧುವಾಗಿತ್ತು. ಮಗಳು ಸ್ಟೇರಿಂಗು ಹಿಡಿದಿದ್ದಳು. ನಡುದಾರಿಯಲ್ಲಿ ಮುಂದಿನ ಲಾರಿ ನಿಧಾನಿಸಿತು, ಅವಳು ಬ್ರೇಕು ಒತ್ತಿದಳು. ನಾನು ಪಕ್ಕದ ಕನ್ನಡಿಯಲ್ಲಿ ಹಿಂದೆ ನೋಡಿದೆ. ನಮ್ಮ ಬೆನ್ನಿಗೆ ಬರುತ್ತಿದ್ದ ಚಿಕ್ಕ ಕಾರು ತಾನೂ ನಿಧಾನಿಸಿತು. ಅದರೊಳಗೆ ಯಾರಿದ್ದರೋ ತಿಳಿಯದು. ನಮ್ಮ ದೀಪ ಅವರೊಡನೆ ಮಾತಾಡಿತ್ತು. ಅವರು ಕೇಳಿಸಿಕೊಂಡಿದ್ದರು.

ಊರಿಗೆ ಮರಳಿದ ಮೇಲೆ ಮಹಿಳಾ ಸಮಾಜದಲ್ಲಿ ಪ್ರವಾಸದ ಅನುಭವ ಹೇಳಿ ಎಂದರು. ಸರೋವರದ ಚಂದವನ್ನು ಹತ್ತು ನಿಮಿಷ ಹೇಳಿ, ಉಳಿದ ಹೊತ್ತೆಲ್ಲ ಈ ವೈರಿನ ಕಥೆಯನ್ನೇ ಹೇಳಿದೆ. ಟ್ರೇಲರಿನ ಹಿಂದೆ ದೀಪ, ಕೆಂಪು ಬಿಲ್ಲೆ ಇರಬೇಕೆಂಬ ಕಾನೂನು ನಮ್ಮಲ್ಲೂ ಇದೆ. ಸುಗ್ಗಿ ಬಂದಾಗ ಟ್ರಾಕ್ಟರುಗಳನ್ನು ನಿಲ್ಲಿಸಿ ಪೊಲೀಸರು ಬಿಲ್ಲೆ ಅಂಟಿಸುವುದೂ ಉಂಟು. ಆದರೆ ಸುಗ್ಗಿಯ ಧೂಳು ಮಳೆಗೆ ಅದು ಉಳಿಯುವುದೆಷ್ಟು ದಿನ? ಆ ವರ್ಷದಿಂದ ನಾವು ಹದಿನಾಲ್ಕು ಜನ ಹೆಂಗಸರು ಕೂಡಿ ಹಣ ಹಾಕಿ ಬೆಳಕಿಗೆ ಹೊಳೆಯುವ ಕೆಂಪು ಪಟ್ಟಿ ತರಿಸುತ್ತೇವೆ. ಕಬ್ಬಿನ ಸಾಲು ನಿಂತಿರುವಲ್ಲಿಗೆ ಸಂಜೆ ಹೋಗಿ, ಹಳೆಯ ಸೀರೆಯ ಚೂರಿನಿಂದ ಟ್ರೇಲರಿನ ಹಿಂಬಾಗಿಲು ಒರೆಸಿ ಅಂಟಿಸಿ ಬರುತ್ತೇವೆ. ಮೊದಲ ಸಲ ಒಬ್ಬ ಹುಡುಗ ಡ್ರೈವರು, “ಇದ್ಯಾಕೆ ಅಕ್ಕ, ಮುಂದೆ ಎರಡು ಲೈಟು ಚೆನ್ನಾಗೇ ಇವೆಯಲ್ಲ?” ಎಂದ. ನನ್ನ ಓರಗಿತ್ತಿ, ಆ ಮೈದುನನ ಹೆಂಡತಿ, ಪಟ್ಟಿಯ ಅಂಚನ್ನು ಹೆಬ್ಬೆರಳಿನಿಂದ ಒತ್ತುತ್ತಲೇ ಹೇಳಿದಳು: “ಅವು ನಿಂಗಪ್ಪಾ. ಇದು ಹಿಂದೆ ಬರೋರ್ಗೆ.”